ಅಗಸಿಯ ಗುಂಡುಕಲ್ಲು

ಆ ವಿದೇಶಿಯ ಕೈಯಲ್ಲಿ ಅಳತೆ ಟೇಪು ಇರದಿದ್ದರೆ ಖಂಡೆಪ್ಪ ಅವತ್ತು ನೆಮ್ಮದಿಯಾಗಿ ಭಜಿ ಕರಿಯುತ್ತಿದ್ದ.

೧೯೭೪ರ ಒಂದು ಬೆಳಿಗ್ಗೆ, ಮೈತುಂಬ ಹೂವಿನ ಚಿತ್ರ ಬಳಿದುಕೊಂಡ ವ್ಯಾನೊಂದು ಸಿಂದಗಿಯ ಹಳೆಯ ಊರಬಾಗಿಲು, ಅಗಸಿಯ ಮುಂದೆ ನಿಂತಿತು. ತನ್ನ ದೇಶದಿಂದ ನೆಲದ ದಾರಿಯಲ್ಲೇ ಬಂದ ಗಡ್ಡದವನೊಬ್ಬ ಇಳಿದು, ಕಮಾನನ್ನು ಅಳೆದು ಪುಸ್ತಕದಲ್ಲಿ ಬರೆದುಕೊಳ್ಳತೊಡಗಿದ. ಖಂಡೆಪ್ಪನ ಚಹಾದಂಗಡಿ ಅಗಸಿಯ ಎಡಗೋಡೆಗೆ ಒರಗಿಕೊಂಡೇ ಇತ್ತು. ರಸ್ತೆ ಅಗಲ ಮಾಡುವ ಸುದ್ದಿ ತಿಂಗಳಿಂದ ಊರಲ್ಲಿತ್ತು. ಯಾವ ಕಡೆ ಒಡೆಯುತ್ತಾರೆಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

“ನೋಡಾಕ ಬಂದಾಂವ ನೋಡಿ ಹೋಗಬೇಕು. ಅಳತಿ ಯಾಕ ಬೇಕಿವಂಗ?” ಎಂದ ಖಂಡೆಪ್ಪ.

ಪಕ್ಕದಲ್ಲಿ ಸೈಕಲ್ ರಿಪೇರಿ ಮಾಡುತ್ತಿದ್ದ ರಸೂಲಸಾಬ ನಕ್ಕ. “ಬಿಡೋ ಖಂಡೆಪ್ಪಣ್ಣ. ಹಿಂದಕ ಕುದರಿ ಮ್ಯಾಲ ಬರೋ ಮುಸಾಫರರೂ ಇಲ್ಲೇ ಇಳೀತಿದ್ರಂತ.”

“ಅವರೇನ್ ಟೇಪ್ ತರ್ತಿದ್ರೇನು? ಇಂವ ರಸ್ತಾದವರ ಮನಶ್ಯಾ. ಗಡ್ಡಾನೂ ಅಂಟಿಸಿದ್ದ ಕಾಣ್ತೈತಿ!”

ಬಳೆ ಮಾರುವ ಶಂಕ್ರೆವ್ವ ಬುಟ್ಟಿ ಇಳಿಸಿ ಉಪಾಯ ಹೇಳಿದಳು. “ದೇವರಿದ್ದಲ್ಲಿ ಸರಕಾರ ಗುದ್ದಲಿ ಹಾಕಂಗಿಲ್ಲೋ. ಒಂದ್ ಕಲ್ಲಿಟ್ಟು ಕುಂಕುಮ ಹಚ್ಚು, ಇಡೀ ಅಗಸಿ ಉಳೀತೈತಿ. ಆದ್ರ ನಿನ್ನ ಅಂಗಡಿ ಕಡೆ ಬ್ಯಾಡ, ಬೀಡಿ ಸೇದಿ ಉಗಳ್ತಾರ. ಆ ಬಲಗಡಿ ಗೋಡಿಗಿಡು.”

ಅವಸರದಲ್ಲಿ ಖಂಡೆಪ್ಪನಿಗೆ ಸಿಕ್ಕಿದ್ದು ಅಂಗಡಿಯ ಚಟ್ನಿ ಅರೆಯುವ ಗುಂಡುಕಲ್ಲು. ವಿದೇಶಿ ಅತ್ತ ತಿರುಗಿದ್ದಾಗ ಅದನ್ನು ತೊಳೆದು ಬಲಗೋಡೆಯ ಗೂಡಿನಲ್ಲಿಟ್ಟು ಕುಂಕುಮ ಬಳಿದ. ಬೆಳ್ಳುಳ್ಳಿಯ ವಾಸನೆ ಮಾತ್ರ ಹೋಗಲಿಲ್ಲ.

ಬಸ್ಸಿಳಿದ ಪಕ್ಕದೂರು ಯಂಕಂಚಿಯ ಹೆಂಗಸರು ಕೈಮುಗಿದರು. ಮಧ್ಯಾಹ್ನಕ್ಕೆ ಎರಡು ಕಾಯಿ ಒಡೆದವು. ಮೂರು ಗಂಟೆಯ ಹೊತ್ತಿಗೆ ದೇವರಿಗೆ ಇನ್ನೂರು ವರ್ಷ ವಯಸ್ಸಾಗಿತ್ತು. ತನ್ನ ಮುತ್ತಜ್ಜ ಇದಕ್ಕೇ ಹರಕೆ ಹೊತ್ತ ಮೇಲೆ ಹುಟ್ಟಿದವನೆಂದು ಮುದುಕನೊಬ್ಬ ಆಣೆ ಮಾಡಿದ. ವಿದೇಶಿ ಬಗ್ಗಿ ಕಲ್ಲನ್ನು ಮೂಸಿ, ಆ ವಾಸನೆಯನ್ನೂ ಪುಸ್ತಕದಲ್ಲಿ ಬರೆದುಕೊಂಡು, ಕೈಮುಗಿದು ವ್ಯಾನು ಹತ್ತಿದ.

“ಹ್ಯಾಂಗ ಓಡಿಸಿದೆ ನೋಡು!” ಎಂದು ಖಂಡೆಪ್ಪ ಎಣ್ಣೆಗೆ ಬಿದ್ದ ಭಜಿಯಂತೆ ಉಬ್ಬಿದ.

ವ್ಯಾನಿನ ಧೂಳು ಕೂರುವ ಮೊದಲೇ ಜೀಪೊಂದು ಬಂತು. ರಸ್ತೆಯ ಓವರ್‌ಸಿಯರ್ ಇಳಿದು ನಕ್ಷೆ ಬಿಡಿಸಿದ, ಬಲಗೋಡೆಯನ್ನು ನೋಡಿದ, ಚಪ್ಪಲಿ ಬಿಟ್ಟು ಕೈಮುಗಿದ.

“ನಕ್ಷಾದಾಗ ಬಲಗಡಿ ಗೋಡಿ ಅಷ್ಟ ಒಡಿಯೂದಿತ್ರಿ. ಇಲ್ಲಿ ದೇವರು ಅದಾನಂತ ಯಾರೂ ಹೇಳೇ ಇಲ್ಲ! ಇನ್ನ ಹ್ಯಾಂಗ ಮುಟ್ಟೂದ್ರಿ? ಎಡಗಡಿನ ಒಡೀತೇವಿ.”

ಖಂಡೆಪ್ಪನ ಕೈಯ ಭಜಿ ತೆಗೆಯುವ ಝಾರಿ ಎಣ್ಣೆಯೊಳಗೇ ಬಿತ್ತು. “ಸಾಹೇಬ್ರ, ಅದು ದೇವರಲ್ರೀ! ಮುಂಜಾನಿ ನಾನ ಇಟ್ಟೇನಿ. ನಮ್ಮ ಚಟ್ನಿ ಅರಿಯೂ ಕಲ್ಲರಿ!”

ನೆರೆದವರೆಲ್ಲ ದುರುಗುಟ್ಟಿ ನೋಡಿದರು. ಎಲ್ಲರಿಗಿಂತ ಮೊದಲು ಸಿಡಿದವಳು ಶಂಕ್ರೆವ್ವ. “ಬಾಯಿ ಮುಚ್ಚೋ ಭಾಡ್ಯಾ! ಮುಂಜಾನಿ ಕಲ್ಲಿತ್ತು, ಈಗ ದೇವರೈತಿ. ಗಲ್ಲ ಬಡ್ಕೋ!”

ಖಂಡೆಪ್ಪ ಎರಡೂ ಗಲ್ಲ ಬಡಿದುಕೊಂಡ. ಅಷ್ಟರಲ್ಲಿ ಜೀಪಿನಲ್ಲಿ ಬಂದಿದ್ದ ಜವಾನ ಅವನ ಅಂಗಡಿಯ ಹೊಸ್ತಿಲ ಮೇಲೆ ಸುಣ್ಣದ ಗೆರೆ ಎಳೆದು ಮುಗಿಸಿದ್ದ.

ಓವರ್‌ಸಿಯರ್ ಬೆಂಚಿನ ಮೇಲೆ ಕೂತು ಒಂದು ಪ್ಲೇಟು ಭಜಿ ತರಿಸಿಕೊಂಡ. ಒಂದನ್ನು ಮುರಿದು ಬಾಯಿಗಿಟ್ಟು, ಪ್ಲೇಟಿನ ಸುತ್ತ ಕಣ್ಣಾಡಿಸಿದ.

“ಭಜಿ ಛಲೋ ಅದಾವ್ರಿ ಯಜಮಾನ್ರ. ಚಟ್ನಿ ಯಾಕ ಮಾಡಿಲ್ಲ?”