ಲ್ಯಾಪ್‌ಟಾಪಿಗೆ ಉಡಿ ತುಂಬಿದ್ದು

ನಾವು ನೆಲಕ್ಕ ಹಾಸೋ ಫರ್ಸಿ ಕಲ್ಲು, ಸಿಮೆಂಟು ಮಾರೋ ಮಂದಿ. ನಮ್ಮ ಆಫೀಸಿಗೆ ಯಾವ ಹೊಸಾ ಸಾಮಾನು ಬರಲಿ, ಅದರ ಜೋಡಿ ಒಂದು ಫಜೀತಿನೂ ಬಂದೇ ಬರ್ತದ. ಈ ಸಲ ಟ್ಯಾಬ್ಲೆಟ್ ಬಂದ್ವು. ಕಲಬುರಗಿಯಾಗಿರೋ ನಮ್ಮ ಸಾವ್ಕಾರ್ರು ನನ್ನ ಕರದು, "ನೋಡಪಾ, ಇವು ಭಾರಿ ಅದಾವಂತ. ಎಲ್ಲಾ ಬ್ರಾಂಚಿಗೂ ಕೊಟ್ಟು ಪರೀಕ್ಷಾ ಮಾಡು. ಪಾಸಾದ್ರ ಲ್ಯಾಪ್‌ಟಾಪ್ ಎಲ್ಲಾ ಗುಜರಿಗೆ," ಅಂದ್ರು.

ಇದನ್ನ ಕೇಳಿ ಸೇಡಂ ಬ್ರಾಂಚಿನ ಲೆಕ್ಕದ ಅಕ್ಕೋರ ಮಾರಿ ಸಣ್ಣದಾಯ್ತು. ಮಕ್ಕಳ ಮದುವಿ ಮುಗಿದ ಮ್ಯಾಲ ಅಂಜಿಕೋತ ಅಂಜಿಕೋತ ಅವರು ಕಂಪ್ಯೂಟರ್ ಕಲ್ತಿದ್ದು ಅಲ್ಲಿನ ಹಳೇ ಲ್ಯಾಪ್‌ಟಾಪಿನ ಮ್ಯಾಲೇ. "ತಮ್ಮಾ, ಅದೊಂದು ಉಳಿಸಿ ಕೊಡು," ಅಂದ್ರು. ಪಾಪ ಅನಿಸ್ತು. ಆದ್ರ ನನ್ನ ಕೈಯಾಗೇನದ?

ಯಾರ ಬೆರಳು?

ಶಹಾಬಾದ್ ಗೋಡೌನ್ ನೋಡ್ಕೊಳ್ಳೋ ಕಾಕಾಗ ಮೊದಲ ಕೊಟ್ಟೆ. ಬೆರಳಿಟ್ರ ತೆರೀತದ ಅಂತ ಹೇಳ್ದೆ. ಎಲ್ಲೀದು! ಆಯುಷ್ಯಾನೇ ಫರ್ಸಿ ಎತ್ತಿ ಕಾಕಾನ ಬೆರಳಿನ ಗೆರಿ ಸವದು ನುಣ್ಣಗಾಗ್ಯಾವ. ಟ್ಯಾಬ್ಲೆಟ್ ಗುರ್ತಾನೇ ಹಿಡೀವಲ್ದು. ನಂಬರ್ ಒತ್ತಿ ತೆಗೀರಿ ಅಂದ್ರ, ಅದು ಕಾಕಾಗ ನೆನಪೇ ಉಳೀವಲ್ದು.

ವಾರ ಬಿಟ್ಟು ಹೋದ್ರ ಟ್ಯಾಬ್ಲೆಟ್ ಭೇಷ್ ನಡದದ. "ಹೆಂಗ ತೆರೀತೀರಿ ಕಾಕಾ?" ಅಂದೆ.

"ಎದುರಿನ ಚಾದ ಅಂಗಡಿಯವನ ಬೆರಳು ಹಚ್ಚೀನಿ. ಬರ್ರಿ, ತೆರಸ್ಕೊಂಡು ಬರೋಣು. ಬರೇ ಬೆರಳು ಕೇಳಿದ್ರ ಛಲೋ ಕಾಣಂಗಿಲ್ಲ, ಒಂದು ಚಾ ಕುಡೀಬೇಕಾಗ್ತದ ನೋಡ್ರಿ."

ಫರ್ಸಿ ಎಲ್ಲಿ?

ಮನಿಗೆ ಫರ್ಸಿ ಹಾಸಿದ ಮ್ಯಾಲ ಅದರ ಫೋಟೋ ಕಳಿಸ್ಬೇಕು, ನಮ್ಮಲ್ಲಿ ರಿವಾಜು. ಚಿಂಚೋಳಿ ಬ್ರಾಂಚಿನವ ಟ್ಯಾಬ್ಲೆಟ್ ತಗೊಂಡು ಚಿಮ್ಮನಚೋಡದ ಒಂದು ಮನಿಗೆ ಹೋದ. ಮೊಬೈಲ್ ಆಗಿದ್ರ ಯಾರೂ ಹೊಳ್ಳಿ ನೋಡ್ತಿದ್ದಿಲ್ಲ. ಅಷ್ಟು ದೊಡ್ಡದು ಎತ್ತಿ ಹಿಡಿದ ಕೂಡ್ಲೇ ಅಜ್ಜಿ ಒಳಗ ಓಡಿ ಇಳಕಲ್ ಸೀರಿ ಉಟ್ಕೊಂಡು ಬಂದ್ಳು. ಮನಿಮಂದಿ, ಬಾಜೂ ಮನಿಮಂದಿ ಎಲ್ಲಾ ಬಂದು ಸಾಲಾಗಿ ಕುಂತ್ರು. ಅಷ್ಟು ಹೌಸಿಲೆ ಕುಂತವರಿಗೆ ಏಳ್ರಿ ಅನ್ನಲಿಕ್ಕ ಅವನಿಗೆ ಮನಸ್ಸಾಗಲಿಲ್ಲ.

ಫೋಟೋ ನೋಡಿ ಸಾವ್ಕಾರ್ರು ಅವನಿಗೆ ಫೋನ್ ಹಚ್ಚಿದ್ರು. "ಫೋಟೋದಾಗ ಫರ್ಸಿ ಎಲ್ಲಪಾ?"

"ಅಲ್ಲೇ ಅದರಿ ಸಾವ್ಕಾರ್ರ. ಅವರು ಎದ್ದ ಮ್ಯಾಲ ಕಾಣ್ತದ."

ಉಡಿ

ಆದ್ರ ವಾಡಿ, ಚಿತ್ತಾಪುರದವ್ರು ಟ್ಯಾಬ್ಲೆಟ್ ಭಾಳ ಹಗುರ ಅದ, ಬ್ಯಾಟರಿ ಸಂಜೀತನಾ ಬರ್ತದ ಅಂತ ಹೊಗಳಿದ್ರು. ಕ್ರಿಕೆಟ್ ಎಷ್ಟು ಸ್ವಚ್ಛ ಕಾಣ್ತದ ಅಂಬೋದು ಮಾತ್ರ ನನಗಷ್ಟೇ ಹೇಳಿದ್ರು. ಸಾವ್ಕಾರ್ರು ಟ್ಯಾಬ್ಲೆಟ್ ಪಾಸ್ ಮಾಡಿಬಿಟ್ರು.

ಸೇಡಂಕ್ಕ ಲ್ಯಾಪ್‌ಟಾಪ್ ತರ್ಲಿಕ್ಕ ಹೋದೆ. ಅಕ್ಕೋರು ಕಣ್ಣು ಒರಸ್ಕೋತ ಬ್ಯಾಗ್ ಕೈಗೆ ಕೊಟ್ರು. ಭಾಳ ವಜ್ಜಿ ಇತ್ತು, ಚಾರ್ಜರ್ ಇರಬೇಕು ಅಂದ್ಕೊಂಡೆ.

ಸಾವ್ಕಾರ್ರ ಮನಿಯಾಗ ಬ್ಯಾಗ್ ತೆರದ್ರ, ಎಪ್ಪಾ! ಲ್ಯಾಪ್‌ಟಾಪಿನ ಜೋಡಿ ಅಕ್ಕಿ, ಖಣ, ಕೊಬ್ಬರಿ ಬಟ್ಟಲು, ಎಲಿ ಅಡಿಕಿ, ಅರಿಷಿಣ ಬೇರು. ಸಾವ್ಕಾರ್ರು ಸಿಟ್ಟಿಲೆ ಅಕ್ಕೋರಿಗೆ ಫೋನ್ ಹಚ್ಚಿದ್ರು. "ಇಷ್ಟು ದಿನಾ ಮಗಳಂಗ ಇತ್ತರಿ," ಅಂದ್ರು ಅಕ್ಕೋರು. "ಬರೇ ಉಡೀಲೆ ಗಂಡನ ಮನಿಗೆ ಹೆಂಗ ಕಳಿಸ್ಲಿ?"

ಅಷ್ಟರಾಗ ಸಾವ್ಕಾರ್ರ ಅವ್ವ ಹೊರಗ ಬಂದ್ರು. ಖಣ ನೋಡಿದ್ರು, ಮಗನ್ನ ನೋಡಿದ್ರು. "ಉಡಿ ತುಂಬಿಸ್ಕೊಂಡು ಬಂದಾಕಿನ್ನ ಗುಜರಿಗೆ ಹಾಕ್ತೀ ಏನೋ? ನಾಗರ ಪಂಚಮಿ ಬಂತು. ಸುಮ್ನ ತವರಿಗೆ ಕಳಸು!"

ಅವ್ವನ ಮುಂದ ಸಾವ್ಕಾರ್ರ ಆಟ ನಡೀತದೇನು? ಶೇಂಗಾ ಉಂಡಿ ಡಬ್ಬಿ ಜೋಡಿ ಅದನ್ನ ನಾನೇ ಸೇಡಂಕ್ಕ ಮುಟ್ಟಿಸಿ ಬಂದೆ.

ಪಂಚಮಿ ಹೋಗಿ ದಸರಾ ಬಂತು. ಸೇಡಂ ಆಫೀಸಿನಾಗ ಹೊಸಾ ಟ್ಯಾಬ್ಲೆಟ್ ಲ್ಯಾಪ್‌ಟಾಪಿನ ಕೆಳಗ ಎತ್ತರಕ್ಕಂತ ಕುಂತದ. "ಅಕ್ಕೋರ, ವಾಪಸ್ ಯಾವಾಗ ಕಳಸ್ತೀರಿ ಅಂತ ಸಾವ್ಕಾರ್ರು ಫೋನ್‌ದಾಗ ಕೇಳ್ಲಿಕತ್ತಾರ," ಅಂದೆ.

ಅಕ್ಕೋರು ಟೈಪ್ ಮಾಡೋದು ನಿಲ್ಲಸಲೇ ಇಲ್ಲ.

"ಕರೀಲಿಕ್ಕ ಅತ್ತಿಯವರನ್ನ ಕರ್ಕೊಂಡು ಅವರೇ ಬರ್ಲಿ ತಮ್ಮಾ. ಬರೇ ಫೋನ್ ಹಚ್ಚಿದ್ರ ಯಾರರ ಮಗಳನ್ನ ಕಳಸ್ತಾರೇನು?"