ಮಾವನ ವಯರ್‌ಲೆಸ್ಸಿಗೆ ಫುಲ್ ಚಾರ್ಜು

ನಮ್ಮ ಮಾವನಿಗೆ ಫೋನ್ ಮಾಡಿ ಮಾತಾಡಿದೆ ಎಂದು ಮಂಗಳೂರಿನಲ್ಲಿ ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಅದು ಸಾಧ್ಯವೇ ಇಲ್ಲ! ಅವರ ಮೊಬೈಲು ವರ್ಷದ ಅಷ್ಟೂ ದಿನ ಟಿವಿ ಪಕ್ಕದ ಗೂಡಿನಲ್ಲಿ ಪ್ರಾಣ ಬಿಟ್ಟು ಮಲಗಿರುತ್ತದೆ. ಚಾರ್ಜಿಗಿಡಿ ಎಂದರೆ, ಬೇಕಾದವರು ಮನೆಗೇ ಬರ್ತಾರೆ ಎನ್ನುತ್ತಾರೆ. ಹಾಗೆಂದು ಅವರಿಗೆ ಚಾರ್ಜು ಮಾಡಲು ಬರುವುದಿಲ್ಲ ಎಂದುಕೊಂಡಿರೋ, ಕೆಟ್ಟಿರಿ. ಬೋಳಾರದ ನಮ್ಮ ಮನೆಯಲ್ಲಿ ಎರಡು ವಸ್ತುಗಳ ಬ್ಯಾಟರಿ ಈಗ ಎಷ್ಟೋ ತಿಂಗಳಿಂದ ಇಳಿದದ್ದೇ ಇಲ್ಲ. ಭೂಮಿ ಸೂರ್ಯನನ್ನು ಸುತ್ತುವುದು ಮರೆತೀತು, ಮಾವ ಅವನ್ನು ಚಾರ್ಜಿಗಿಡುವುದು ಮರೆಯಲಿಕ್ಕಿಲ್ಲ. ಅವು ವಿಡಿಯೊ ಗೇಮ್ ಆಡುವ ಎರಡು ಕಂಟ್ರೋಲರುಗಳು.

ನಗಬೇಡಿ. ಮಾವ ಎಂದರೆ ಅಮ್ಮನ ಅಣ್ಣ, ಅರುವತ್ತೆಂಟು ವರ್ಷ. ಮೀನಿನ ಬೋಟಿನಲ್ಲಿ ತಾಂಡೇಲರಾಗಿ, ಅಂದರೆ ಚುಕ್ಕಾಣಿ ಹಿಡಿದು ಇಡೀ ಬೋಟನ್ನು ನಡೆಸುವವರಾಗಿ, ಮೂವತ್ತು ವರ್ಷ ಕಡಲಿಗೆ ಹೋದವರು. ಅಂಥವರ ಕೈಗೆ ಈ ಆಟದ ಸಾಮಾನು ಕೊಟ್ಟ ಪಾಪ ನನ್ನದು. ಹೋದ ವರ್ಷ ಅಮ್ಮ ತೀರಿಕೊಂಡ ಎರಡು ತಿಂಗಳಿಗೆ ನಾನು ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡೆ. ಆರು ವಾರ ಪ್ಲಾಸ್ಟರು. ಹೊತ್ತು ಹೋಗಲೆಂದು ಆಫೀಸಿನ ಗೆಳತಿಯೊಬ್ಬಳು ತಾನು ಆಡಿ ಬಿಟ್ಟ ಗೇಮಿನ ಪೆಟ್ಟಿಗೆಯನ್ನೂ ಎರಡು ಕಂಟ್ರೋಲರುಗಳನ್ನೂ ತಂದುಕೊಟ್ಟಳು. ನಾನು ಒಂದು ಫುಟ್ಬಾಲ್ ಆಟ ಹಾಕಿಕೊಂಡು ಕೂತೆ. ಮಾವ ಹಿಂದೆ ನಿಂತು ನೋಡಿದರು, ಪಕ್ಕಕ್ಕೆ ಬಂದರು, ಕೂತರು. ನಾಲ್ಕನೆಯ ದಿನ ನನ್ನ ಜಾಗದಿಂದಲೇ ನನ್ನನ್ನು ಎಬ್ಬಿಸಿದರು!

ಇಲ್ಲಿ ನಮ್ಮ ಅಪ್ಪನ ವಿಷಯ ಹೇಳಬೇಕು. ಅಪ್ಪ ಅದೇ ಬೋಟಿನಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದವರು. ಮೇಲೆ ಮಾವ, ಕೆಳಗೆ ಅಪ್ಪ. ಎಂಜಿನ್ನಿನ ಸದ್ದಿಗೆ ಅಪ್ಪನ ಎರಡೂ ಕಿವಿ ಮಂದವಾಗಿವೆ. ಒಬ್ಬರ ಫೋನಿಗೆ ಜೀವ ಇಲ್ಲ, ಇನ್ನೊಬ್ಬರಿಗೆ ಫೋನ್ ಹೊಡೆದದ್ದು ಕೇಳುವುದಿಲ್ಲ. ಭಾವಂದಿರು ಅಂದರೆ ಹೀಗಿರಬೇಕು ನೋಡಿ!

ನಮ್ಮದು ಅಳಿಯಕಟ್ಟಿನ ಮನೆ. ಮನೆ ಬರುವುದು ಅಮ್ಮನ ಕಡೆಯಿಂದ; ನಾನು, ಮಾವ ಎಲ್ಲ ಒಂದು ಕುಲ, ಅಪ್ಪ ಲೆಕ್ಕಕ್ಕೆ ಬೇರೆ ಕುಲದವರು. ಕಾನೂನು ಬದಲಾಗಿ ಯಾವ ಕಾಲವಾಯಿತು, ಆದರೆ ಅಪ್ಪನ ತಲೆಯಲ್ಲಿ ಬದಲಾಗಿಲ್ಲ. ಮೂವತ್ತೈದು ವರ್ಷ ಇದೇ ಮನೆಯಲ್ಲಿ ಉಂಡು ಮಲಗಿದ ಮನುಷ್ಯ, ಅಮ್ಮನ ಹದಿಮೂರನೆಯ ದಿನದ ಕಾರ್ಯ ಮುಗಿದದ್ದೇ ಬಟ್ಟೆಯ ಚೀಲ ಹಿಡಿದು ಬೈಕಂಪಾಡಿಯ ತನ್ನ ಅಕ್ಕನ ಮನೆಗೆ ಹೊರಟುಬಿಟ್ಟರು. ಹೆಂಡತಿ ಇರುವಷ್ಟು ದಿನ ಹೆಂಡತಿಯ ಮನೆ, ಆಮೇಲೆ ಅಕ್ಕನ ಮನೆ, ಕ್ರಮ ಕ್ರಮವೇ ಅಂತೆ. ನಾನು ಅತ್ತು ಕರೆದರೂ ಕೇಳಲಿಲ್ಲ. ಮಾವ ಗೇಟಿನವರೆಗೆ ಹೋಗಿ ನಿಂತರು. ಇರು ಎನ್ನಲು ಬಾಯಿ ಬಾರದೆ, ಬಸ್ಸು ಉಂಟಾ ಎಂದಷ್ಟೇ ಕೇಳಿ ಒಳಗೆ ಬಂದರು.

ಆಮೇಲೆ ಅಪ್ಪ ಬಂದದ್ದು ನನ್ನ ಕಾಲು ನೋಡಲು. ಬಂದವರ ಕೈಗೆ ಮಾವ ಒಂದು ಕಂಟ್ರೋಲರ್ ಕೊಟ್ಟರು. ಮರುವಾರವೂ ಬಂದರು. ಭಾನುವಾರ ಸಂಜೆ ನಾಲ್ಕು ಗಂಟೆಗೆ ಭಾವಂದಿರ ಪಂದ್ಯ ಎಂದು ಹಾಗೆಯೇ ನಿಗದಿಯಾಯಿತು. ಒಂದು ದಿನ ನಾನು ನಕ್ಕಾಗ ಮಾವ ದನಿ ತಗ್ಗಿಸಿ ಹೇಳಿದರು: "ನಗು, ನಗು. ಅವನಿಗೆ ಈ ಮನೆಗೆ ಬರ್ಲಿಕ್ಕೆ ಒಂದು ಕಾರಣ ಬೇಕಲ್ಲ ಮಾರಾಯ್ತಿ." ಆಮೇಲೆ ನನಗೆ ನಗು ಬರಲಿಲ್ಲ.

ಆದರೆ ಕಾರಣ ಎನ್ನುವುದು ಬ್ಯಾಟರಿಯ ಮೇಲೆ ನಿಂತಿತ್ತಲ್ಲ! ನಾಲ್ಕನೆಯ ಭಾನುವಾರ ಇಬ್ಬರಿಗೂ ಎರಡೆರಡು ಗೋಲು. ಅಪ್ಪನ ಆಟಗಾರ ಗೋಲಿನ ಮುಂದೆ ಒಬ್ಬನೇ. ಅಪ್ಪ ಗುಂಡಿ ಒತ್ತಿದರು. ಅವನು ಬಸ್ಸಿಗೆ ಕಾಯುವವನ ಹಾಗೆ ನಿಂತೇ ಇದ್ದ. ಕಂಟ್ರೋಲರಿನ ದೀಪ ನಂದಿತ್ತು. ಇದು ಬೇಕೆಂದೇ ಮಾಡಿದ್ದು ಎಂದರು ಅಪ್ಪ. ಬೋಟಿನಲ್ಲೂ ನೀನು ಹೀಗೆಯೇ, ಎಂಜಿನ್ ಬಿಸಿಯಾಗಿದೆ ಎಂದರೂ ಓಡಿಸುತ್ತಿದ್ದೆ ಎಂದರು. ಚಪ್ಪಲಿ ಮೆಟ್ಟಿ ಹೊರಟೇಹೋದರು. ಎರಡು ಭಾನುವಾರ ಬರಲಿಲ್ಲ. ಆ ಎರಡೂ ದಿನ ಮಾವ ಟಿವಿಯ ಮುಂದೆ ಸುಮ್ಮನೆ ಕೂತಿದ್ದರು, ಆಟ ಹಾಕಲೇ ಇಲ್ಲ. ಮೂರನೆಯ ಭಾನುವಾರ ಅಪ್ಪ ಮತ್ತೆ ನನ್ನ ಕಾಲು ನೋಡುವ ನೆಪದಲ್ಲಿ ಬಂದರು. ಅಷ್ಟರಲ್ಲಿ ಪ್ಲಾಸ್ಟರು ತೆಗೆದು ನಾನು ಆಫೀಸಿಗೂ ಹೋಗುತ್ತಿದ್ದೆ. ಆದರೂ ಆವತ್ತು ಮನೆಯ ಒಳಿತಿಗಾಗಿ ಸ್ವಲ್ಪ ಕುಂಟಿದೆ.

ಮಾವನ ಚಾರ್ಜಿನ ಹುಚ್ಚು ಅಲ್ಲಿಂದ ಶುರು. ಬುಧವಾರ ಒಮ್ಮೆ, ಶುಕ್ರವಾರ ಒಮ್ಮೆ, ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ ಬಂದು ಒಮ್ಮೆ. ಪರದೆಯ ಮೇಲೆ ಬ್ಯಾಟರಿಗೆ ಎರಡು ಗೆರೆ ಉಳಿದಿರುವಾಗಲೇ ಸಿಕ್ಕಿಸಬೇಕು. ತುಂಬಿದ ಕೂಡಲೇ ತೆಗೆಯಬೇಕು. ತೆಗೆದ ವಯರನ್ನು ಬೋಟಿನ ಹಗ್ಗದಂತೆ ಸುರುಳಿ ಸುತ್ತಿ ಮೊಳೆಗೆ ತೂಗುಹಾಕಬೇಕು. ವಯರು ಸಿಕ್ಕಿಸಿಕೊಂಡೇ ಆಡಬಹುದಲ್ಲ ಮಾವ ಎಂದು ನಾನೊಮ್ಮೆ ಹೇಳಿದ್ದೆ. ಹಾಗಾದರೆ ಅದನ್ನು ವಯರ್‌ಲೆಸ್ ಅಂತ ಯಾಕೆ ಕರೆಯುವುದು ಎಂದು ಕೇಳಿದರು. ಇದಕ್ಕೆ ನಿಮ್ಮಲ್ಲಿ ಉತ್ತರ ಇದ್ದರೆ ತಿಳಿಸಿ.

ಕರೆಂಟು ಹೋದರೆ? ಒಮ್ಮೆ ಹಾಗಾದಾಗ ಮಾವ ಎರಡೂ ಕಂಟ್ರೋಲರುಗಳನ್ನು ಸ್ಟೀಲಿನ ಬುತ್ತಿ ಡಬ್ಬಿಗೆ ಹಾಕಿ, ಇನ್ವರ್ಟರ್ ಇರುವ ಪಕ್ಕದ ಮನೆಗೆ ಹೊರಟರು. ಆ ಮನೆಯ ಬಾಯಮ್ಮನಿಗೆ ಮಾವನ ಹೆಂಡತಿ, ನಮ್ಮ ಮಾಮಿ ಮಾಡುವ ಬಂಗುಡೆ ಮೀನಿನ ಗಸಿ ಎಂದರೆ ಪ್ರಾಣ. ಡಬ್ಬಿ ಹಿಡಿದು ಬಂದವರನ್ನು ಕಂಡು, ಇದೆಲ್ಲ ಯಾಕೆ ತರಲಿಕ್ಕೆ ಹೋದಿರಿ ಎನ್ನುತ್ತಲೇ ಡಬ್ಬಿ ಕಸಿದುಕೊಂಡು ಒಳಗೆ ಹೋಗಿ ಅನ್ನ ಬಡಿಸಿಕೊಂಡು ಮುಚ್ಚಳ ತೆಗೆದರು. ಈಗ ಕರೆಂಟು ಹೋದರೆ ಮಾಮಿ ಎರಡು ಡಬ್ಬಿ ಕೊಟ್ಟು ಕಳಿಸುತ್ತಾರೆ.

ನಮ್ಮದು ಹೊಳೆಯ ಬದಿ, ಉಪ್ಪುಗಾಳಿ. ಕಬ್ಬಿಣದ ಕಿಟಕಿಯನ್ನೇ ತಿನ್ನುವ ಗಾಳಿ ಇದನ್ನು ಬಿಟ್ಟೀತೇ ಎಂಬುದು ಮಾವನ ಚಿಂತೆ. ಹಳೆಯ ಬನಿಯನ್ ಬಟ್ಟೆಯಲ್ಲಿ ಒರೆಸುವುದು, ಗುಂಡಿಗಳ ಸಂದಿಗೆ ಹಲ್ಲುಜ್ಜುವ ಬ್ರಶ್ಶು, ವಯರು ಸಿಕ್ಕಿಸುವ ತೂತಿಗೆ ಉಫ್ ಎಂದು ಗಾಳಿ. ಇಷ್ಟಕ್ಕೇ ನಿಲ್ಲಿಸಿದ್ದರೆ ಯಾವ ತೊಂದರೆಯೂ ಇರಲಿಲ್ಲ. ಒಂದು ದಿನ ಹೆಬ್ಬೆರಳಿನಿಂದ ತಿರುಗಿಸುವ ಕಡ್ಡಿ ಸ್ವಲ್ಪ ಬಿಗಿಯಾದಂತೆ ಕಂಡಿತಂತೆ, ಎರಡು ತೊಟ್ಟು ತೆಂಗಿನೆಣ್ಣೆ ಬಿಟ್ಟರು! ಮರುದಿನದಿಂದ ಮಾವನ ಆಟಗಾರರೆಲ್ಲ ಯಾರೂ ಮುಟ್ಟದಿದ್ದರೂ ಎಡಕ್ಕೆ ನಡೆಯತೊಡಗಿದರು. ಕಡ್ಡಿ ಹಾಳಾಗಿದೆ ಮಾವ, ರಿಪೇರಿಗೆ ಕೊಡುವ ಎಂದೆ. ಮಾವ ಕಣ್ಣು ಕಿರಿದು ಮಾಡಿ ಪರದೆಯನ್ನು ನೋಡಿದರು.

"ಹಾಳಾದದ್ದಲ್ಲ. ನೀರು ಪಡ್ಡಾಯಿಗೆ ಎಳೀತಾ ಉಂಟು."

ತುಳುವಿನಲ್ಲಿ ಪಡ್ಡಾಯಿ ಎಂದರೆ ಪಶ್ಚಿಮ, ನಮಗೆ ಕಡಲಿನ ದಿಕ್ಕು. ಫುಟ್ಬಾಲ್ ಮೈದಾನದಲ್ಲಿ ನೀರು ಎಲ್ಲಿಂದ ಬಂತು ಎಂದು ಕೇಳುವ ಧೈರ್ಯ ಯಾರಿಗಿದೆ? ನೀರಿನ ಸೆಳೆತದ ಜೊತೆ ಜಗಳಾಡಬಾರದು, ಚುಕ್ಕಾಣಿಯನ್ನು ಸ್ವಲ್ಪ ಮೂಡಾಯಿಗೆ, ಅಂದರೆ ಪೂರ್ವಕ್ಕೆ ಹಿಡಿದರೆ ದೋಣಿ ನೇರ ಹೋಗುತ್ತದೆ ಎಂದು ನನಗೇ ಪಾಠ ಮಾಡಿದರು. ಹಾಗೆ ಹಿಡಿದು ಗೋಲೂ ಹೊಡೆದರು. ಸೆಳೆತದ ಕಂಟ್ರೋಲರನ್ನು ತಾವು ಇಟ್ಟುಕೊಂಡು, ಸರಿಯಿದ್ದದ್ದನ್ನು ಭಾವನಿಗೆಂದು ಬೇರೆ ಬಟ್ಟೆಯಲ್ಲಿ ಸುತ್ತಿ ತೆಗೆದಿಟ್ಟರು. ಎಂಜಿನ್ ನೋಡುವವನಿಗೆ ಚುಕ್ಕಾಣಿಯ ಕಷ್ಟ ಯಾಕೆ ಎಂದು ಸಮಜಾಯಿಷಿ ಬೇರೆ.

ಇನ್ನು ಆ ವಯರ್‌ಲೆಸ್ ಎಂಬ ಹೆಸರಿನಿಂದಾದ ರಗಳೆ. ಬೋಟಿನವರಿಗೆ ವಯರ್‌ಲೆಸ್ ಎಂದರೆ ಒಂದೇ: ಕಡಲಲ್ಲಿರುವಾಗ ಬೇರೆ ಬೋಟಿನವರ ಜೊತೆ ಮಾತಾಡುವ ಸೆಟ್ಟು. ಒಂದು ಭಾನುವಾರ ಮಾಮಿ ಮೀನಿಗೆಂದು ಧಕ್ಕೆಗೆ ಹೋಗಿದ್ದರು. ಧಕ್ಕೆ ಎಂದರೆ ನಮ್ಮ ಬೋಟುಗಳು ಬಂದು ನಿಲ್ಲುವ ಜಾಗ. ಅಲ್ಲಿ ಹಳೆಯ ಪರಿಚಯದವರು, ತಾಂಡೇಲರು ಹೇಗಿದ್ದಾರೆ ಎಂದು ವಿಚಾರಿಸಿದರು. ಎಂತ ಹೇಳುವುದು, ಈಗ ಪುನಃ ಭಾವನನ್ನು ಕಟ್ಟಿಕೊಂಡು ವಯರ್‌ಲೆಸ್ ಹಿಡಿದಿದ್ದಾರೆ, ಹೇಳಿದರೆ ಕೇಳುವುದಿಲ್ಲ ಎಂದರು ಮಾಮಿ. ಸಾಕಲ್ಲ! ಈ ಪ್ರಾಯದಲ್ಲಿ ಭಾವಂದಿರಿಬ್ಬರೂ ಮತ್ತೆ ಕಡಲಿಗೆ ಇಳಿದಿದ್ದಾರೆಂದು ಮಧ್ಯಾಹ್ನದೊಳಗೆ ಧಕ್ಕೆಯಿಡೀ ಸುದ್ದಿ. ಸಂಜೆ ಹಳೆಯ ಕಲಾಸಿಗಳು, ಅಂದರೆ ಮಾವನ ಬೋಟಿನಲ್ಲಿ ದುಡಿದವರು ಮೂವರು, ತಡೆಯಲೆಂದೋ ಜೊತೆಗೆ ಸೇರಲೆಂದೋ, ಮನೆಗೇ ಬಂದರು. ಬಾಗಿಲಲ್ಲಿ ನಿಂತು ನೋಡುತ್ತಾರೆ, ತಾಂಡೇಲರು ಚಾಪೆಯ ಮೇಲೆ ಕೂತು ಪೆನಾಲ್ಟಿ ಹೊಡೆಯುತ್ತಿದ್ದಾರೆ. ಮೂವರೂ ಚಾ ಕುಡಿದು, ಪಂದ್ಯ ಮುಗಿಯುವವರೆಗೆ ಕೂತು ಹೋದರು. ಸೋತದ್ದು ಮಾವ.

ಹೀಗೆ ನಗುತ್ತಾ ಒಂದು ವರ್ಷ ತುಂಬಿತು. ಈಚೆಗೆ ಅಮ್ಮನ ವರ್ಷದ ಕಾರ್ಯ ಆಯಿತು. ಅಪ್ಪ ಬೆಳಿಗ್ಗೆಯೇ ಬಂದು ಎಲ್ಲದಕ್ಕೂ ಕೈಜೋಡಿಸಿದರು. ಊಟ ಮಾಡಿ ಹೊರಡುವಾಗ ಮಾಮಿಯೊಡನೆ, ಇಲ್ಲಿಗೆ ಎಲ್ಲ ಮುಗಿಯಿತು ಎಂದರಂತೆ. ಮುಗಿದದ್ದು ಕಾರ್ಯವೋ, ಬರುವುದೋ? ಮಾವ ಮಾಮಿಯನ್ನು ಹತ್ತು ಸಲ ಕೇಳಿದರು. ಸರಿಯಾಗಿ ಎಂತ ಹೇಳಿದ? ಹೇಳುವಾಗ ಮುಖ ಹೇಗಿತ್ತು? ಮಾಮಿ ಪಾತ್ರೆ ತೊಳೆಯುತ್ತಿದ್ದರಂತೆ, ಮುಖ ನೋಡಿರಲಿಲ್ಲ.

ಮುಂದಿನ ಭಾನುವಾರ ಬಂತು. ಎರಡೂ ಕಂಟ್ರೋಲರುಗಳಿಗೆ ಬೆಳಿಗ್ಗೆ ಎಂಟಕ್ಕೇ ಚಾರ್ಜು ತುಂಬಿತ್ತು. ನಾಲ್ಕು ಗಂಟೆಯಾಯಿತು, ಅಪ್ಪ ಇಲ್ಲ. ಅಪ್ಪ ಐದು ನಿಮಿಷ ತಡ ಮಾಡುವವರಲ್ಲ. ನಾಲ್ಕೂವರೆಗೆ ಮಾವ ಟಿವಿ ಹಾಕಿ ಬ್ಯಾಟರಿಯ ಗೆರೆಗಳನ್ನು ನೋಡಿ ಆರಿಸಿದರು. ಐದಕ್ಕೆ ಮತ್ತೆ ನೋಡಿದರು. ಐದೂವರೆಗೆ ಗೇಟಿನಲ್ಲಿ ನಿಂತು, ಎದುರು ಮನೆಯ ತೆಂಗಿನಕಾಯಿ ಎಣಿಸುವವರಂತೆ ನಟಿಸಿದರು. ಬೈಕಂಪಾಡಿಯ ಅತ್ತೆಗೆ ಫೋನ್ ಮಾಡಿ ಕೇಳಲಾ ಎಂದೆ.

"ಬೇಡ. ಕರೆದ ಮೇಲೆ ಬಂದರೆ ಅವನು ನೆಂಟ ಆಗ್ತಾನೆ."

ನಾನು ಫೋನನ್ನು ಕೆಳಗಿಟ್ಟೆ. ಅಮ್ಮನನ್ನು ಕಳೆದುಕೊಂಡದ್ದು ನಾನು ಮತ್ತು ಅಪ್ಪ ಎಂದೇ ಇಷ್ಟು ದಿನ ಎಣಿಸಿದ್ದೆ. ಅವಳು ಮಾವನಿಗೆ ಒಬ್ಬಳೇ ತಂಗಿ ಎಂಬುದು ಗೊತ್ತಿದ್ದ ವಿಷಯವೇ, ಆದರೂ ನನ್ನ ಲೆಕ್ಕಕ್ಕೆ ಬಂದಿರಲಿಲ್ಲ.

ಆರು ಗಂಟೆಗೆ ಐದೋ ಹತ್ತೋ ನಿಮಿಷ ಇರುವಾಗ ಅಪ್ಪ ಬಂದರು. ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಅಪ್ಪನೇ ಚಾವಡಿಯಲ್ಲಿ ಕೂತು ಹೇಳಿದರು: ಮೂರೂವರೆಗೇ ಹಂಪನಕಟ್ಟೆಗೆ ಬಂದು ಇಳಿದಿದ್ದರಂತೆ. ಇಳಿದ ಮೇಲೆ ಯೋಚನೆ ಬಂದು ವಾಪಸು ಬಸ್ಸು ಹತ್ತಿದರು. ನಡುದಾರಿಯ ಕೂಳೂರಿನಲ್ಲಿ ಮತ್ತೆ ಇಳಿದು, ಸ್ವಲ್ಪ ಹೊತ್ತು ನಿಂತು, ಪುನಃ ಈ ಕಡೆಯ ಬಸ್ಸು ಹಿಡಿದರು.

"ಎಂತ ಯೋಚನೆ?" ಎಂದು ಮಾವ ಕೇಳಿದರು.

"ವರ್ಷ ಆಯ್ತಲ್ಲ ಭಾವ. ಇನ್ನು ಎಂತ ಅಂತ ಹೇಳಿ ಬರುವುದು?"

ಮಾವ ಬಟ್ಟೆ ಬಿಚ್ಚಿ ಕಂಟ್ರೋಲರನ್ನು ಕೈಗೆ ತೆಗೆದುಕೊಂಡರು. ಕೊಡಲಿಲ್ಲ. ಅದನ್ನೇ ನೋಡುತ್ತಾ, ಸಣ್ಣ ದನಿಯಲ್ಲಿ ಹೇಳಿದರು: "ತಂಗಿ ಹೋದಳು. ನೀನೂ ಬಾರದಿದ್ದರೆ ನನಗೆ ಯಾರಿದ್ದಾರೆ ಭಾವ?"

"ಎಂತ?" ಎಂದರು ಅಪ್ಪ, ಕಿವಿಗೆ ಕೈ ಹಿಡಿದು.

ಜೀವಮಾನದಲ್ಲಿ ಅಂಥ ಮಾತನ್ನು ಒಮ್ಮೆ ಆಡುವುದೇ ಮಾವನಿಗೆ ಹೆಚ್ಚು. ಎರಡನೆಯ ಸಲ ಹೇಗೆ ಹೇಳುತ್ತಾರೆ, ಮಾತು ತೇಲಿಸಿಬಿಡುತ್ತಾರೆ ಎಂದುಕೊಂಡೆ. ಇಲ್ಲ. ಮಾವ ಸರಿದು ಕೂತು, ಅಪ್ಪನ ಕಿವಿಯ ಹತ್ತಿರ ಬಾಯಿಟ್ಟು, ಕಡಲಿನಲ್ಲಿ ಆಚೆ ಬೋಟಿನವರನ್ನು ಕೂಗುವ ದನಿಯಲ್ಲಿ ಅಷ್ಟನ್ನೂ ಮತ್ತೆ ಹೇಳಿದರು. ಪಕ್ಕದ ಮನೆಯ ಬಾಯಮ್ಮ ಗೋಡೆಯ ಮೇಲಿಂದ ಇಣುಕಿದರು. ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತ ಮಾಮಿ, ನಾನೊಬ್ಬಳು ಇಲ್ಲವಾ ಎಂದು ಕೇಳಬಹುದಿತ್ತು. ಕೇಳದೆ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನಂತೂ ಅಳುತ್ತಲೇ ಇದ್ದೆ.

ಅಪ್ಪ ಕೈ ಚಾಚಿ ಮಾವನ ಕೈಯಿಂದ ಕಂಟ್ರೋಲರನ್ನು ತೆಗೆದುಕೊಂಡರು.

"ಮೊದಲು ಹೇಳಿದಾಗಲೇ ಕೇಳಿತ್ತು ಭಾವ," ಎಂದರು. "ಇನ್ನೊಮ್ಮೆ ಕೇಳುವ ಅಂತ ಆಯಿತು."