ಹೊಸ್ತಿಲಿದ್ದ ಟೆಂಪೋ

ನಮ್ಮ ದೊಡ್ಡಪ್ಪನಿಗೆ ಎರಡು ಮನೆ. ಒಂದು ತುರುವೇಕೆರೆ ಹತ್ತಿರ ತೆಂಗಿನ ತೋಟದಲ್ಲಿದೆ. ಇನ್ನೊಂದು ಕಂದಿಕೆರೆ ಕಡೆ ಒಂದು ಕೆರೆಯಲ್ಲಿದೆ. ಕೆರೆ ದಡದಲ್ಲಲ್ಲ, ಕೆರೆಯ ಒಳಗೆ! ಸುಳ್ಳು ಅನ್ನುವವರು ಹೋಗಿ ನೋಡಬಹುದು. ಬಾಗಿಲಿಗೆ ಬೀಗ ಹಾಕಿದೆ. ಕೀ ದೊಡ್ಡಪ್ಪನ ಉಡಿದಾರದಲ್ಲಿದೆ.

ಇದಕ್ಕೆಲ್ಲ ಕಾರಣ ಒಂದು ಹೋಳಿಗೆ.

ಹದಿಮೂರು ವರ್ಷದ ಹಿಂದೆ ದೊಡ್ಡಮ್ಮನ ತಮ್ಮ ತನ್ನ ಮಗಳ ನಾಮಕರಣಕ್ಕೆ ಎಲ್ಲರನ್ನೂ ಕರೆದಿದ್ದ. ದೊಡ್ಡಪ್ಪ ಮೊದಲ ಪಂಕ್ತಿಯಲ್ಲಿ ಕೂತಿದ್ದ. ಒಂದು ಹೋಳಿಗೆ ತಿಂದ. ಎರಡನೆಯದು ಎಲೆಗೆ ಬೀಳುವ ಹೊತ್ತಿಗೆ ಬಾಮೈದ ಆ ಕಡೆಯಿಂದ ಕೂಗಿದ, “ಭಾವಂಗೆ ಸಾಕು ಕಣ್ರೋ! ಶುಗರ್ ಐತೆ!” ಪಂಕ್ತಿಗೆ ಪಂಕ್ತಿಯೇ ತಿರುಗಿ ನೋಡಿತು. ದೊಡ್ಡಪ್ಪ ಎಲೆ ಬಿಟ್ಟು ಎದ್ದ.

“ಇನ್ಮೇಲೆ ನಿನ್ನ ಮನೆ ಹೊಸ್ತಿಲು ತುಳಿಯಲ್ಲ.”

“ಅಂಗಾದ್ರೆ ನಿಮ್ಮನೆ ಹೊಸ್ತಿಲು ನಾನೂ ತುಳಿಯಲ್ಲ ಬುಡಿ ಭಾವ.”

ಮುಗೀತು. ಯಾರೂ ಯಾರಿಗೂ ಹೊಡೆಯಲಿಲ್ಲ. ಹೊಡೆದಾಡಿದ್ದರೆ ಒಂದು ವಾರಕ್ಕೆ ಸರಿಹೋಗುತ್ತಿತ್ತು. ದೊಡ್ಡಮ್ಮ ಅವತ್ತಿನಿಂದ ತವರಿಗೆ ಹೋಗಲಿಲ್ಲ. “ನೀನೊಬ್ಳೇ ಹೋಗಿ ಬಾರೇ” ಅಂತ ದೊಡ್ಡಪ್ಪನೇ ಹೇಳಿದರೂ, “ನಿಮ್ಮನ್ನ ಬುಟ್ಟು ಹೋದ್ರೆ ಜನ ಏನಂತಾರೆ” ಅನ್ನುತ್ತಿದ್ದಳು. ಜನ ಏನೂ ಅನ್ನುತ್ತಿರಲಿಲ್ಲ. ಜನಕ್ಕೆ ಅವರವರ ಕೆಲಸ ಇತ್ತು.

ಹೋದ ವರ್ಷ ದೊಡ್ಡಪ್ಪ ಮೊಬೈಲಿನಲ್ಲಿ ಒಂದು ಗಾಡಿ ನೋಡಿದ. ಮಂಚ, ಒಲೆ, ಬಚ್ಚಲು, ಎಲ್ಲ ಗಾಡಿಯೊಳಗೇ. ಗಂಡ ಹೆಂಡತಿ ಅದರಲ್ಲೇ ಊರೂರು ತಿರುಗುತ್ತಾರೆ. ಅರ್ಧ ದಿನ ಅದನ್ನೇ ನೋಡಿ ನನ್ನನ್ನು ಕರೆದ.

“ಲೇ, ಇವ್ರು ಬೇರೆಯವರ ಮನೆ ಹೊಸ್ತಿಲು ತುಳಿಯೋದೇ ಬೇಡ ಅಲ್ವೇನ್ಲಾ?”

“ಬೇಡ ದೊಡ್ಡಪ್ಪ. ಮನೆ ಜೊತೆಗೇ ಬತ್ತೈತಲ್ಲ.”

ನಾನು ಬಾಯಿ ಮುಚ್ಚಿಕೊಂಡು ಇರಬೇಕಿತ್ತು. ತಿಪಟೂರು ಮಾರ್ಕೆಟ್ಟಿಗೆ ಕೊಬ್ಬರಿ ಚೀಲ ಸಾಗಿಸುವ ನಮ್ಮ ಹಳೇ ಟೆಂಪೋ ಮಾರನೆಯ ದಿನವೇ ವೆಲ್ಡಿಂಗ್ ಅಂಗಡಿಗೆ ಹೋಯಿತು. ಡ್ರೈವರು ನಾನೇ ಆದ್ದರಿಂದ ಗಾಡಿ ಜೊತೆ ನಾನೂ ಹೋದೆ. ತಗಡಿನ ಸೂರು, ಎರಡು ಕಿಟಕಿ, ಎರಡು ಮಂಚ, ಒಂದು ಸಿಂಗಲ್ ಬರ್ನರ್ ಗ್ಯಾಸ್ ಬಂತು. ಆಮೇಲೆ ದೊಡ್ಡಪ್ಪ ಬಡಗಿಯನ್ನು ಕರೆಸಿ ಹಲಸಿನ ಮರದ ಹೊಸ್ತಿಲು ಮಾಡು ಅಂದ.

“ಟೆಂಪೋಗೆ ಹೊಸ್ತಿಲಾ ಯಜಮಾನ್ರೇ?” ಅಂದ ಬಡಗಿ.

“ಹೊಸ್ತಿಲು ಇಲ್ದಿದ್ರೆ ಮನೆ ಎಂಗಾಯ್ತೈತೆ? ಗೂಡ್ಸ್ ಗಾಡಿ ಆಯ್ತೈತೆ!”

ಹೊಸ್ತಿಲಿಗೆ ಅರಿಶಿನ ಕುಂಕುಮ ಬಿತ್ತು, ಬಾಗಿಲಿಗೆ ಮಾವಿನ ತೋರಣ ಬಂತು. ಗೃಹಪ್ರವೇಶಕ್ಕೆ ಹಾಲು ಉಕ್ಕಿಸಿದರು. ಅಷ್ಟಕ್ಕೂ ಸುಮ್ಮನಾಗದೆ ದೊಡ್ಡಪ್ಪ ಪಂಚಾಯ್ತಿಗೆ ಹೋಗಿ ಮನೆ ನಂಬರು ಕೊಡಿ ಅಂತ ಕೂತ. ಅಲ್ಲಿದ್ದ ಗುಮಾಸ್ತ ಒಳ್ಳೆಯವನು, ನಗಲಿಲ್ಲ.

“ಚೆಕ್ಕುಬಂದಿ ಹೇಳಿ ಯಜಮಾನ್ರೇ. ಪೂರ್ವಕ್ಕೆ ಏನೈತೆ?”

“ಅದು ನಾವು ಯಾವ ಕಡೆ ತಿರುಗಿಸಿ ನಿಲ್ಲಿಸ್ತೀವಿ ಅನ್ನೋದರ ಮೇಲೆ ಐತೆ.”

ನಂಬರು ಸಿಗಲಿಲ್ಲ.

ದಸರಾ ಕಳೆದ ಮೇಲೆ ದೊಡ್ಡಪ್ಪ, ದೊಡ್ಡಮ್ಮ, ನಾನು ಟೂರು ಹೊರಟೆವು. ಎಲ್ಲಿಗೆ ಅಂತ ದೊಡ್ಡಪ್ಪ ಬಾಯಿ ಬಿಡಲಿಲ್ಲ. ಬಲಕ್ಕೆ ತಿರುಗಿಸು, ಎಡಕ್ಕೆ ತಿರುಗಿಸು ಅನ್ನುತ್ತ ಅನ್ನುತ್ತ ನನ್ನನ್ನು ತಂದು ನಿಲ್ಲಿಸಿದ್ದು ಬಾಮೈದನ ಊರಿನಲ್ಲಿ! ಬಾಮೈದನ ಮನೆ ಕೆರೆ ಪಕ್ಕದ ದಿಬ್ಬದ ಮೇಲಿದೆ. ದೊಡ್ಡಪ್ಪ ಗಾಡಿಯನ್ನು ಆ ಮನೆ ಹಿತ್ತಲಿನ ಎದುರಿಗೆ ಸರಿಯಾಗಿ ಕೆರೆಯ ಒಳಗೆ ಇಳಿಸು ಅಂದ.

ಕೆರೆ ಅಂದರೆ ಹೆಸರಿಗೆ ಕೆರೆ. ನನಗೆ ಬುದ್ಧಿ ಬಂದಾಗಿನಿಂದ ಅದರಲ್ಲಿ ನೀರು ನೋಡಿಲ್ಲ. ತುಂಬ ಜಾಲಿ ಬೆಳೆದಿತ್ತು. ನಡುವೆ ಹುಡುಗರು ಕಡಿದು ಮಾಡಿಕೊಂಡ ಕ್ರಿಕೆಟ್ ಪಿಚ್ ಇತ್ತು. ಸಮತಟ್ಟಾಗಿದೆ ಅಂತ ಪಿಚ್ ಮೇಲೆಯೇ ನಿಲ್ಲಿಸಿದೆವು.

“ಇದು ಸರ್ಕಾರದ ಜಾಗ. ನಾನು ನಿಂತಿರೋದು ನನ್ನ ಹೊಸ್ತಿಲ ಮೇಲೆ. ಯಾವನು ಏನು ಕೇಳ್ತಾನೋ ಕೇಳ್ಲಿ” ಅಂತ ದೊಡ್ಡಪ್ಪ ಮಂಚದ ಮೇಲೆ ಉರುಳಿಕೊಂಡ.

ದೊಡ್ಡಮ್ಮ ಹೊಸ್ತಿಲ ಹತ್ತಿರ ಕೂತು ಆ ಹಿತ್ತಲನ್ನೇ ನೋಡುತ್ತಿದ್ದಳು. ಬಾಮೈದನ ಹೆಂಡತಿ ಬಟ್ಟೆ ಒಣಹಾಕಲು ಬಂದವಳು ಇವಳನ್ನು ಕಂಡು ಬಟ್ಟೆ ಕೈಯಲ್ಲೇ ಹಿಡಿದು ನಿಂತಳು.

“ಅತ್ಗಮ್ಮಾ! ಊಟ ಆಯ್ತಾ?”

“ಆಯ್ತು ಕಣವ್ವ! ನಿಂದು?”

“ಆಯ್ತು!”

ಹನ್ನೆರಡು ವರ್ಷ ಆದಮೇಲೆ ಆಡಿದ್ದು ಇಷ್ಟೇ ಮಾತು. ಅದಕ್ಕೇ ದೊಡ್ಡಮ್ಮ ಸಂಜೆವರೆಗೂ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದಳು.

ಸಂಜೆಗೆ ಮಳೆ ಹಿಡಿಯಿತು. ಹಿಡಿದದ್ದು ಬಿಡಲಿಲ್ಲ. ನಾನು ಎರಡು ಸಲ ಹೇಳಿದೆ.

“ದೊಡ್ಡಪ್ಪಾ, ಗಾಡಿ ಮೇಲಕ್ಕೆ ಹತ್ತಿಸಾಣ.”

“ಮಳೆ ಬಂತು ಅಂತ ಓಡೋಕೆ ನಾವೇನು ಬೆಂಗ್ಳೂರಿನವ್ರೇನ್ಲಾ? ಎಷ್ಟು ವರ್ಷ ಆಯ್ತು ಇಂಥ ಮಳೆ ನೋಡಿ! ತೆಂಗಿನ ಮರ ಓಡ್ತೈತೇನು?”

ತೆಂಗಿನ ಮರಕ್ಕೆ ಚಕ್ರ ಇಲ್ಲ ಅಂತ ಹೇಳಲು ಹೋದೆ. ಅಷ್ಟರಲ್ಲಿ ಅವನು ಗೊರಕೆ ಹೊಡೆಯುತ್ತಿದ್ದ.

ಬೆಳಿಗ್ಗೆ ಎದ್ದು ಕಾಲು ಕೆಳಗೆ ಇಟ್ಟರೆ ಮೊಣಕಾಲವರೆಗೆ ನೀರು! ನನ್ನ ಚಪ್ಪಲಿ ಗ್ಯಾಸ್ ಒಲೆಯ ಹತ್ತಿರ ತೇಲುತ್ತಿತ್ತು. ಕಿಟಕಿಯಲ್ಲಿ ನೋಡಿದರೆ ಪಿಚ್ ಇಲ್ಲ, ಜಾಲಿಯ ತುದಿ ಬಿಟ್ಟರೆ ದಿಬ್ಬದವರೆಗೂ ಕೆಂಪು ನೀರು. ಮೇಲಿನ ಹಳ್ಳಗಳೆಲ್ಲ ಒಟ್ಟಿಗೆ ಬಂದಿದ್ದವು. ಇಂಜಿನ್ ಯಾವಾಗಲೋ ಮುಳುಗಿತ್ತು. ನನಗೆ ಈಜು ಬರುವುದಿಲ್ಲ. ನಮ್ಮ ಕಡೆ ಎಲ್ಲಿ ಕಲಿಯುವುದು? ಕೊಳವೆಬಾವಿಯಲ್ಲಾ?

ದೊಡ್ಡಪ್ಪ ಮಂಚದ ಮೇಲೆ ಒಲೆ ಇಟ್ಟುಕೊಂಡು ಕಾಫಿ ಕಾಯಿಸುತ್ತಿದ್ದ.

“ಕೆರೆ ತುಂಬ್ತಾ ಐತೆ ಕಣ್ಲಾ” ಅಂದ. ಬೇರೆಯವರ ಕೆರೆ ಅನ್ನುವ ಹಾಗೆ!

ಆಗ ದಿಬ್ಬದ ಕಡೆಯಿಂದ ಯಾರೋ ನೀರಿಗಿಳಿದರು. ಬಾಮೈದ! ಸಿಪ್ಪೆ ಸುಲಿಯದ ಒಣ ತೆಂಗಿನಕಾಯಿಗಳನ್ನು ಜೊತೆ ಜೊತೆಯಾಗಿ ಕಟ್ಟಿ ಹೆಗಲಿಗೆ, ಸೊಂಟಕ್ಕೆ ಸುತ್ತಿಕೊಂಡಿದ್ದ. ಹಿಂದೆ ಉದ್ದನೆಯ ಹಗ್ಗ, ಅದರ ಇನ್ನೊಂದು ತುದಿ ಹಿತ್ತಲಿನ ತೆಂಗಿನ ಮರಕ್ಕೆ. ನಡೆಯುತ್ತ, ತೇಲುತ್ತ ನಮ್ಮ ಬಾಗಿಲಿಗೆ ಬಂದು, ಎದೆಮಟ್ಟದ ನೀರಿನಲ್ಲಿ ನಿಂತುಕೊಂಡ.

“ಹೊರಡಿ ಭಾವ. ಕೋಡಿ ಬೀಳೋವರ್ಗೂ ನೀರು ಏರ್ತೈತೆ.”

“ಎಲ್ಲಿಗೆ?”

“ಮನೆಗೆ.”

“ನಿನ್ನ ಹೊಸ್ತಿಲು ತುಳಿಯಲ್ಲ ಅಂದಿದೀನಿ.”

ಬಾಮೈದ ಮುಖದ ನೀರು ಒರೆಸಿಕೊಂಡ. ಮಳೆ ಅವನ ತಲೆ ಮೇಲೆ ಸುರಿಯುತ್ತಿತ್ತು. ಅದನ್ನು ನೋಡಿ ದೊಡ್ಡಪ್ಪನಿಗೆ ಮನೆಗೆ ಬಂದವರನ್ನು ಹೊರಗೆ ನಿಲ್ಲಿಸಿದ್ದು ಸರಿ ಕಾಣಲಿಲ್ಲ.

“ನೀನೇ ಒಳಗೆ ಬಾ. ಕಾಫಿ ಕುಡಿ.”

“ನಾನೂ ನಿಮ್ಮ ಹೊಸ್ತಿಲು ತುಳಿಯಲ್ಲ ಅಂದಿದೀನಲ್ಲ ಭಾವ.”

“ಅದೂ ಸರಿ” ಅಂದ ದೊಡ್ಡಪ್ಪ. ಲೋಟವನ್ನು ಬಾಗಿಲಿನಿಂದ ಕೈ ಚಾಚಿ ಕೊಟ್ಟ. ಬಾಮೈದ ಕೆರೆಯಲ್ಲಿ ನಿಂತು ಕಾಫಿ ಕುಡಿದ. ಲೋಟದಲ್ಲಿ ಅರ್ಧ ಮಳೆ ಇತ್ತು, ಆದರೂ ಪೂರ್ತಿ ಕುಡಿದ. ಕುಡಿದು, “ಸಕ್ಕರೆ ಕಮ್ಮಿ” ಅಂದ.

“ಶುಗರ್ ಐತಲ್ಲ ನಂಗೆ! ಊರಿಗೆಲ್ಲ ಹೇಳಿದ್ದು ನೀನೇ!”

ನೀರು ಮಂಚಕ್ಕೆ ಬರುತ್ತಿತ್ತು. ಇಬ್ಬರಿಗೂ ಅದು ಕಾಣಲಿಲ್ಲ. ನಾನು ಒದರಬೇಕು ಅಂತಿದ್ದೆ. ಅಷ್ಟರಲ್ಲಿ ದೊಡ್ಡಮ್ಮ ಮಂಚದಿಂದ ಇಳಿದಳು. ಸೀರೆ ಎತ್ತಿ ಕಟ್ಟಿದಳು. ಬಾಗಿಲಿಗೆ ಬಂದು ಕೆಳಗೆ ಬೆರಳು ತೋರಿಸಿದಳು.

“ಹೊಸ್ತಿಲು ಎಲ್ಲೈತೆ? ಇಬ್ರೂ ತೋರ್ಸಿ ನೋಡಾನ.”

ಮೂರು ಜನವೂ ಬಗ್ಗಿ ನೋಡಿದೆವು. ನೀರು ಬಿಟ್ಟು ಏನೂ ಇರಲಿಲ್ಲ. ಹಲಸಿನ ಮರದ ಹೊಸ್ತಿಲು ಅದರ ಅಡಿಯಲ್ಲೆಲ್ಲೋ ಇತ್ತು.

“ಇಲ್ಲ ತಾನೆ? ಸಿಕ್ಕೋವರ್ಗೂ ನೀವಿಬ್ರೂ ಹುಡುಕ್ತಾ ಇರಿ. ನಾನು ನಮ್ಮಪ್ಪನ ಮನೆಗೆ ಹೋಯ್ತೀನಿ.”

ಹೇಳಿ ನೀರಿಗೆ ಇಳಿದೇಬಿಟ್ಟಳು! ಬಾಮೈದ ಗಾಬರಿಯಾಗಿ ಲೋಟ ಬಿಟ್ಟು ಅಕ್ಕನನ್ನು ಹಿಡಿದ. ತನ್ನ ಸೊಂಟದ ಕಾಯಿ ಬಿಚ್ಚಿ ಅವಳಿಗೆ ಕಟ್ಟಿ, ಹಗ್ಗ ಹಿಡಿಸಿ ದಾಟಿಸಿದ. ಆಮೇಲೆ ಬಂದು ನನ್ನನ್ನು ದಾಟಿಸಿದ. ನಾನು ಕಿರುಚಿದೆ ಅಂತ ಆ ಊರಿನಲ್ಲಿ ಈಗಲೂ ಹೇಳುತ್ತಾರೆ. ಅದು ಸುಳ್ಳು, ಬೈದೆ ಅಷ್ಟೇ. ಕೊನೆಗೆ ದೊಡ್ಡಪ್ಪ. ಇಳಿಯುವ ಮುಂಚೆ ಬಾಗಿಲು ಎಳೆದು ಬೀಗ ಹಾಕಿದ. ಎರಡು ಸಲ ಜಗ್ಗಿಯೂ ನೋಡಿದ.

ದಿಬ್ಬ ಹತ್ತಿ ಮನೆ ಒಳಗೆ ಹೋದನಾ? ಎಲ್ಲಿ! ಜಗಲಿ ಮೇಲೆ ಬಾಮೈದನ ಕಂಬಳಿ ಹೊದ್ದು ಕೂತ. ಜಗಲಿ ಹೊಸ್ತಿಲಿಂದ ಈಚೆಗೆ ಇದೆ, ತಪ್ಪಿಲ್ಲ. ಮಧ್ಯಾಹ್ನ ಬಾಮೈದ ತಟ್ಟೆ ತಂದು ಮುಂದಿಟ್ಟ. ಎರಡು ಹೋಳಿಗೆ! ಇಟ್ಟು ತಾನೂ ಪಕ್ಕದಲ್ಲಿ ಕೂತ. ದೊಡ್ಡಪ್ಪ ಒಂದನ್ನು ತಿಂದ. ಇನ್ನೊಂದನ್ನು ನೋಡಿದ. ಮುರಿದು ಅರ್ಧ ಬಾಮೈದನಿಗೆ ಕೊಟ್ಟ. 

ಮಳೆ ನಿಂತ ಮೇಲೆ ಊರವರು ತಮಟೆ ಬಾರಿಸಿಕೊಂಡು ತುಂಬಿದ ಕೆರೆಗೆ ಬಾಗಿನ ಬಿಡಲು ಬಂದರು. ನೀರಿನ ನಡುವೆ ನಮ್ಮ ತಗಡಿನ ಸೂರು ಕಾಣುತ್ತಿತ್ತು, ಅದರ ಮೇಲೆ ಎರಡು ಬೆಳ್ಳಕ್ಕಿ. ಫೋಟೋ ಕೆಡುತ್ತದೆ, ಗಾಡಿ ತೆಗೆಸಿ ಅಂತ ಒಬ್ಬ ಗದರಿದ. ದೊಡ್ಡಪ್ಪ ಉಡಿದಾರದಿಂದ ಕೀ ಬಿಚ್ಚಿ ಕೊಡಲು ಹೋದ, “ತಗಾ, ನೀನೇ ಹೋಗಿ ತೆಗಿ.” ಅವನು ತಮಟೆಯವರ ಹಿಂದೆ ಸರಿದ.

ಅವತ್ತಿನಿಂದ ಪ್ರತಿ ಸೋಮವಾರ ದೊಡ್ಡಪ್ಪ ದೊಡ್ಡಮ್ಮನನ್ನು ಬಸ್ಸು ಹತ್ತಿಸಿಕೊಂಡು ಹೋಗುತ್ತಾನೆ. “ಎಲ್ಲಿಗೆ?” ಅಂದರೆ, “ಮನೆ ನೋಡ್ಕೊಂಡು ಬರಾಕೆ” ಅನ್ನುತ್ತಾನೆ. ದೊಡ್ಡಮ್ಮ ಒಳಗೆ, ಅವನು ಜಗಲಿ ಮೇಲೆ. ಸಂಜೆ ಬಸ್ಸಿಗೆ ವಾಪಸ್ಸು.

ಬೇಸಿಗೆಯಲ್ಲಿ ನೀರು ಹಿಂದಕ್ಕೆ ಹೋಯಿತು. ಟೆಂಪೋ ಪೂರ್ತಿ ಕಾಣಿಸಿತು. ನಾನು ಟ್ರ್ಯಾಕ್ಟರ್ ತಂದೆ, ಹಗ್ಗ ಬಿಗಿದೆ, ಹತ್ತಿ ಕೂತು ಗೇರು ಹಾಕಿದೆ. ದೊಡ್ಡಪ್ಪ ಕೈ ಅಡ್ಡ ಹಿಡಿದ.

“ಎಳೀಬ್ಯಾಡ ಕಣ್ಲಾ.”

“ಯಾಕೆ? ಇನ್ನೊಂದು ಮಳೆ ಬಿದ್ರೆ ಮತ್ತೆ ಮುಳುಗ್ತೈತೆ.”

ಅವನು ಹಿತ್ತಲಿನ ಕಡೆ ನೋಡುತ್ತಿದ್ದ. ಅಲ್ಲಿ ದೊಡ್ಡಮ್ಮ ತಮ್ಮನ ಹೆಂಡತಿ ಮುಂದೆ ತಲೆ ಬಿಚ್ಚಿಕೊಂಡು ಕೂತಿದ್ದಳು. ಎಣ್ಣೆ ಹಚ್ಚಿಸಿಕೊಳ್ಳುತ್ತ ಏನಕ್ಕೋ ನಗುತ್ತಿದ್ದಳು. ಅವಳು ಹಾಗೆ ನಗುವುದನ್ನು ನಾನು ಅವತ್ತೇ ಮೊದಲು ಕೇಳಿದ್ದು.

“ಎಳೆದುಬುಟ್ರೆ,” ಅಂದ ದೊಡ್ಡಪ್ಪ, “ಬರೋ ಸೋಮವಾರ ಏನಂತ ಹೇಳ್ಕೊಂಡು ಕರ್ಕೊಂಡು ಬರ್ಲಿ?”

ನಾನು ಇಳಿದು ಹಗ್ಗ ಬಿಚ್ಚಿದೆ.